ಮೂರು ಹಾಳೆಯ ವರದಿ

ಗದಗ, ೨೧೭೩ರ ಫೆಬ್ರುವರಿ ೩೦

ನನ್ನ ಮಿದುಳಿನ ಎಡಭಾಗದಲ್ಲಿ ಮೂರು ಮಿಲಿಮೀಟರ್ ಅಗಲದ ಒಂದು ಚುಕ್ಕೆ ಕಂಡಿದೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಇನ್ನೂ ಖಚಿತವಾಗಿಲ್ಲ. ಕಂಡದ್ದು ಜನವರಿ ೨೮ರಂದು. ನನಗೆ ತಿಳಿದದ್ದು ನಿನ್ನೆ, ಮೂವತ್ತೊಂದು ದಿನ ತಡವಾಗಿ. ತಿಳಿಸಿದವಳು ನನ್ನ ಮಗಳು ದಾನಮ್ಮ, ಅದೂ ನಾನು ಕೆದಕಿ ಕೇಳಿದ ಮೇಲೆ.

ಒಂದೂವರೆ ಶತಮಾನದ ಹಿಂದೆ, ಸ್ಕ್ಯಾನ್ ಕೇಂದ್ರದ ಕೌಂಟರಿನ ಮುಂದೆ ಮನೆಯವರ ವರದಿಯ ದೊಡ್ಡ ಲಕೋಟೆ ಹಿಡಿದು ನಿಂತಿರುವ ನಿಮಗೆ ಇದನ್ನು ಬರೆಯುತ್ತಿದ್ದೇನೆ. ಫೆಬ್ರುವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬಿದ್ದಿರುತ್ತವೆ. ಆಗ ಕಚೇರಿಗಳು ತೆರೆಯುವುದಿಲ್ಲ. ಮುಂದೆ ಬರುವ ಕೆಲವು ಮಾತುಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೋ ತಿಳಿಯದು. ಮುಟ್ಟಿಸುತ್ತೇವೆ ಎಂದವರು ರಸೀದಿ ಕೊಟ್ಟಿದ್ದಾರೆ. ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದೇನೆ, ಅವರನ್ನು ನಂಬಿಲ್ಲ.

ನಾನು ಇಲ್ಲಿಯ ಒಂದು ದಿನಪತ್ರಿಕೆಯಲ್ಲಿ ಮೂವತ್ತು ವರ್ಷ ತಾಳೆಗಾರನಾಗಿದ್ದೆ. ಬಂದ ಸುದ್ದಿಯನ್ನು ಎರಡನೆಯ ಮೂಲದೊಂದಿಗೆ ತಾಳೆ ನೋಡಿ ಅಚ್ಚಿಗೆ ಬಿಡುವುದು ತಾಳೆಗಾರನ ಕೆಲಸ. ನಮ್ಮಲ್ಲಿ ಕಾಗದ ಕಡಿಮೆ. ಬೆಳಿಗ್ಗೆ ಹಂಚಿದ ಪತ್ರಿಕೆಯನ್ನು ಸಂಜೆ ಮನೆಮನೆಯಿಂದ ವಾಪಸ್ ತರುತ್ತಾರೆ, ಬೆಟಗೇರಿಯ ತೊಟ್ಟಿಗಳಲ್ಲಿ ತೊಳೆದು ಮಸಿ ಬಿಡಿಸುತ್ತಾರೆ, ಅದೇ ಹಾಳೆಯ ಮೇಲೆ ಮರುದಿನದ ಸುದ್ದಿ ಅಚ್ಚಾಗುತ್ತದೆ. ಹೀಗಾಗಿ ನಿನ್ನೆಯ ತಪ್ಪು ಇವತ್ತು ಯಾರ ಕೈಗೂ ಸಿಗುವುದಿಲ್ಲ. ತಾಳೆಗಾರರು ಅದಕ್ಕಾಗಿ ತಮ್ಮದೇ ಒಂದು ಟಿಪ್ಪಣಿ ಪುಸ್ತಕ ಇಟ್ಟುಕೊಳ್ಳುತ್ತಾರೆ. ನಾನೂ ಇಟ್ಟಿದ್ದೇನೆ. ಕೆಳಗಿನ ತಾರೀಖುಗಳು ಅದರಿಂದ ತೆಗೆದವು.

ಇಪ್ಪತ್ತೆರಡು ವರ್ಷ ಬೀಡಿ ಸೇದಿದವನು ನಾನು. ನಿಮ್ಮ ಕಾಲದ ಎಷ್ಟೋ ವಸ್ತುಗಳು ಹೋಗಿವೆ, ಬೀಡಿ ಹೋಗಿಲ್ಲ. ಹೋದ ವರ್ಷ ಶ್ವಾಸಕೋಶದಲ್ಲಿ ಕ್ಯಾನ್ಸರ್ ಸಿಕ್ಕಿತು. ಬೇಗ ಹಬ್ಬುವ, ಮಿದುಳಿಗೆ ಏರುವ ಜಾತಿಯದು. ಔಷಧಿಗೆ ಗಡ್ಡೆ ಕರಗಿತು. ಆಗ ಡಾಕ್ಟರು ಎರಡು ದಾರಿ ಹೇಳಿದರು. ಒಂದು, ತಲೆಯಲ್ಲಿ ಏನೂ ಕಾಣದಿದ್ದರೂ ಇಡೀ ತಲೆಗೆ ಮುಂಚಿತವಾಗಿಯೇ ಕಿರಣ ಕೊಡುವುದು. ಇದಕ್ಕೆ ನಮ್ಮಲ್ಲಿ ಮುಂಗಿರಣ ಎನ್ನುತ್ತಾರೆ. ರೋಗ ಏರುವುದನ್ನು ಅದು ತಡೆಯಬಹುದು, ಆದರೆ ನೆನಪು ಮಂಕಾಗುವ ಭಯವಿದೆ. ಇನ್ನೊಂದು, ಕಿರಣ ಬಿಟ್ಟು ಆರು ವಾರಕ್ಕೊಮ್ಮೆ ತಲೆಯನ್ನು ಸ್ಕ್ಯಾನ್ ಮಾಡಿ, ಏನಾದರೂ ಕಂಡರೆ ಕೂಡಲೇ ಅದಕ್ಕೆ ಚಿಕಿತ್ಸೆ ಮಾಡುವುದು. ನಿಮ್ಮ ಕಾಲದಲ್ಲಿ ಯಾವುದು ಮೇಲು ಎಂದು ವಾದವಿತ್ತಂತೆ. ನಮ್ಮಲ್ಲೂ ಮುಗಿದಿಲ್ಲ. ಹೆಸರು, ತಾರೀಖು ನೆನಪಿಟ್ಟೇ ಅನ್ನ ತಿಂದವನು ನಾನು. ಎರಡನೆಯದನ್ನು ಆರಿಸಿಕೊಂಡೆ. ಅಂದಿನಿಂದ ಇಣುಕುಮನೆಗೆ ಹೋಗುತ್ತಿದ್ದೇನೆ. ಅದು ಸ್ಕ್ಯಾನ್ ಕೇಂದ್ರವೇ. ಕೂಸಿನ ಕುಲಾವಿಯಂಥ ಟೋಪಿ ತೊಡಿಸಿ ಹನ್ನೊಂದು ನಿಮಿಷ ಕೂರಿಸುತ್ತಾರೆ, ಅಷ್ಟೇ.

ಆದರೆ ವರದಿ ನನ್ನ ಕೈಗೆ ಬರುವುದಿಲ್ಲ. ರೋಗಿ ಎದೆಗುಂದಬಾರದೆಂದು ಮನೆಯವರಲ್ಲೊಬ್ಬರು ಮೊದಲು ಓದಿ, ಹೇಳಬೇಕಾದ್ದನ್ನು ಹೇಳಬೇಕೆಂದು ಕಾಯ್ದೆಯಿದೆ. ಅವರನ್ನು ಮೊದಲೋದುಗ ಎಂದು ಕರೆಯುತ್ತಾರೆ. ಈ ಕಾಯ್ದೆ ಆಕಾಶದಿಂದ ಉದುರಿದ್ದಲ್ಲ. ನಿಮ್ಮ ಕಾಲದಲ್ಲಿ ಅಣ್ಣನೋ ಅಳಿಯನೋ ಕೌಂಟರಿನಲ್ಲಿ ಲಕೋಟೆ ಬಿಚ್ಚಿ, ಕೊನೆಯ ಸಾಲು ಓದಿ, ಮಡಚಿ, ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ‘ಎಲ್ಲಾ ನಾರ್ಮಲ್ ಅಂತ’ ಎಂದು ಹೇಳುತ್ತಿದ್ದರಲ್ಲ, ಆ ರೂಢಿಗೆ ನಾವು ಸರ್ಕಾರದ ಮುದ್ರೆ ಒತ್ತಿದೆವು.

ನನ್ನ ಮೊದಲೋದುಗ ದಾನಮ್ಮ. ಐದು ಸಲ ಹೊರಗೆ ಬಂದು “ಸ್ವಚ್ಛ ಐತಪ್ಪಾ, ಏಳು, ಮನೀಗಿ ನಡಿ” ಅಂದಳು. ಆರನೇ ಸಲ, ಜನವರಿ ೨೮ರಂದು, “ಸದ್ಯಕ್ಕೇನಿಲ್ಲಪ್ಪಾ” ಅಂದಳು. ಯಾವಾಗಲೂ ನಲವತ್ತು ನಿಮಿಷಕ್ಕೆ ಬರುತ್ತಿದ್ದವಳು ಅಂದು ಎರಡು ತಾಸು ಒಳಗಿದ್ದಳು. ಸರದಿ ಸಾಲು ಉದ್ದವಿತ್ತಂತೆ. ಬಾಗಿಲ ಬಳಿಯ ದಾಖಲೆ ಪುಸ್ತಕದಲ್ಲಿ ಅಂದಿನ ಹೆಸರುಗಳು ಒಂಬತ್ತೇ ಇದ್ದವು, ಬರುವಾಗ ಎಣಿಸಿದ್ದೆ. ಅದಕ್ಕಿಂತ ಹೆಚ್ಚಾಗಿ, ಆ ದಿನದಿಂದ ಅವಳು ನನ್ನನ್ನು ಬೈಯುವುದು ನಿಂತಿತು. ಉಪ್ಪಿನಕಾಯಿಗೆ ಕೈ ಹಾಕಿದರೂ ಸುಮ್ಮನೆ, ಸ್ನಾನ ತಪ್ಪಿಸಿದರೂ ಸುಮ್ಮನೆ. ಫೆಬ್ರುವರಿ ೯ರಂದು ಬೇಕೆಂದೇ ಅವಳ ಹೊಸ ಚಾದರದ ಮೇಲೆ ಚಹಾ ಚೆಲ್ಲಿದೆ. “ಇರಲಿ ಬಿಡಪ್ಪಾ” ಅಂದಳು. ಏನೋ ಮುಚ್ಚಿಡುತ್ತಿದ್ದಾಳೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಆದರೂ ಇದು ಒಂದೇ ಮೂಲದ ಸುದ್ದಿ, ಆ ಮೂಲವೂ ನನ್ನದೇ ತಲೆ. ರೋಗ ಮಿದುಳಿಗೆ ಏರಿದರೆ ಕೆಲವರಿಗೆ ಸ್ವಭಾವ ಬದಲಾಗುತ್ತದೆ, ವಿನಾಕಾರಣ ಅನುಮಾನ ಹುಟ್ಟುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅನುಮಾನ ಸುಳ್ಳಾಗಿದ್ದರೆ ತಲೆಯಲ್ಲಿ ಏನೋ ಇದೆ. ನಿಜವಾಗಿದ್ದರೂ ಏನೋ ಇದೆ. ಇಪ್ಪತ್ತು ದಿನ ಇದರಲ್ಲೇ ಸುತ್ತಿದೆ. ಮಗಳನ್ನು ಹಾಗೆ ನೋಡುವುದು ನಾಚಿಕೆಯ ಕೆಲಸ, ಅದನ್ನೂ ಮಾಡಿದೆ. ಕೊನೆಗೆ ನಿನ್ನೆ ಬೆಳಿಗ್ಗೆ ಇಣುಕುಮನೆಯ ಕಾಗದಪತ್ರದ ಕೋಣೆಗೆ ಹೋದೆ. ಅಲ್ಲಿಯ ಗುಮಾಸ್ತ ಮಕ್ತುಂಸಾಬ ನದಾಫ ನನ್ನ ಹಳೆಯ ಗುರುತಿನವನು.

“ಮೂವತ್ತು ವರ್ಷ ಊರಮಂದಿ ಸುದ್ದಿ ತಿಂದ್ರಿ. ಈಗ ನಿಮ್ಮ ತಲಿ ಸುದ್ದಿ ನಿಮಗ ಸಿಗವಲ್ದು ನೋಡ್ರಿ ಹೊಂಬಳ ಸಾಹೇಬ್ರ” ಎಂದು ನಕ್ಕ. ವರದಿ ತೋರಿಸಿದರೆ ನೌಕರಿ ಹೋಗುತ್ತದೆ ಎಂದ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಸ್ವಚ್ಛ ಇದ್ದವರದು ಒಂದ ಹಾಳಿ ಇರ್ತದರಿ. ನಿಮ್ದು ಎಷ್ಟು ಹಾಳಿ ಅಂತ ಕೇಳ್ರಿ. ಅದಕ್ಕ ಕಾಯ್ದೆ ಅಡ್ಡ ಬರೂದಿಲ್ಲ.”

ಕೇಳಿದೆ. “ಮೂರು” ಅಂದ. ಈಗ ಅವನು ನಗುತ್ತಿರಲಿಲ್ಲ.

ಮನೆಗೆ ಬಂದಾಗ ದಾನಮ್ಮ ರೊಟ್ಟಿ ಬಡಿಯುತ್ತಿದ್ದಳು. “ದಾನವ್ವಾ, ವರದಿ ಮೂರು ಹಾಳಿ ಐತಂತಲ್ಲ” ಎಂದೆ. ಕೈ ನಿಂತಿತು.

“ಯಾರು ಹೇಳಿದ್ರು?”

“ಮೂಲ ಹೇಳೂದಿಲ್ಲ.”

“ಆ ನದಾಫಗ ಬಾಯಿ ನಿಲ್ಲೂದಿಲ್ಲ” ಅಂದಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ತೆಗೆಯಲಿಲ್ಲ. “ಖಾತ್ರಿ ಇಲ್ಲದ ಸುದ್ದಿ ಅಚ್ಚಿಗಿ ಬಿಡಬಾರದು ಅಂತ ನೀನ ಅಂತಿದ್ದೆಲ್ಲ? ಅವರು ಸಂದೇಹ ಅಂತ ಬರದಾರ, ಹೌದು ಅಂತ ಬರದಿಲ್ಲ. ನಾ ಏನಂತ ಹೇಳ್ಲಿ ನಿನಗ?”

“ಹಂಗಾರ ಖಾತ್ರಿ ಮಾಡಾಕ ಹೋಗಬೇಕಿತ್ತಿಲ್ಲ?”

“ಹೋದ್ರ ನಿನಗ ಗೊತ್ತಾಗತಿತ್ತಲ್ಲಪ್ಪಾ.”

ಎರಡು ಹಾಳೆ ತಂದಿಟ್ಟಳು. ಮೂರನೆಯದರಲ್ಲಿ ಬರೀ ಸೂಚನೆಗಳಿವೆ ಅಂದಳು. ಅದನ್ನೂ ತರಿಸಿದೆ. ‘ಎರಡು ವಾರದೊಳಗೆ ಮತ್ತೆ ನೋಡಲೇಬೇಕು’ ಎಂದು ಅದರಲ್ಲಿತ್ತು. ಅದರ ಕೆಳಗೆ ‘ಓದಿ ತಿಳಿದುಕೊಂಡಿದ್ದೇನೆ’ ಎಂಬ ಸಾಲು, ಅದರ ಪಕ್ಕ ನನ್ನ ಮಗಳ ದುಂಡನೆಯ ಸಹಿ. ಹಿಂದಿನ ಐದು ವರದಿಗಳನ್ನೂ ಕೇಳಿದೆ. ಒಂದೊಂದೇ ಹಾಳೆ. ನೋಡಿದ ಮೇಲೆ ನಂಬಿದೆ. ಆ ಐದು ಸಲವೂ ನಾನು ಕಾಗದ ಕೇಳಿರಲಿಲ್ಲ. ‘ಸ್ವಚ್ಛ’ ಎಂಬ ಮಾತು ಹಿತವಾಗಿತ್ತು, ತಾಳೆ ನೋಡಲಿಲ್ಲ. ಇದು ನನ್ನ ತಪ್ಪು.

ಮುಂಗಿರಣ ತೆಗೆದುಕೊಳ್ಳಿ ಎಂದಾಗಲಿ ಬೇಡವೆಂದಾಗಲಿ ನಾನು ನಿಮಗೆ ಹೇಳಲಾರೆ. ಅದನ್ನು ನಿಮ್ಮ ಡಾಕ್ಟರನ್ನು ಕೇಳಿ, ಎರಡು ಸಲ ಕೇಳಿ. ನನ್ನ ಕೋರಿಕೆ ಬೇರೆ. ಕಾದು ನೋಡುವ ದಾರಿ ಹಿಡಿದರೆ, ಕಂಡದ್ದು ಕಂಡ ದಿನವೇ ರೋಗಿಗೆ ತಿಳಿಯಬೇಕು. ಇಲ್ಲದಿದ್ದರೆ ಅದು ಬರೀ ಕಾಯುವುದು. ಆ ಲಕೋಟೆ ಮಡಚಬೇಡಿ. ಬೆಂಚಿನ ಮೇಲೆ ಕುಳಿತವರಿಗೆ ಕೊಡಿ. ನೀವು ಅದನ್ನು ಈಗ ಕೊಟ್ಟರೆ ನಾವು ಮುಂದೆ ಕಾಯ್ದೆ ಮಾಡುವುದಿಲ್ಲ.

ಇಂದು ಬೆಳಿಗ್ಗೆ ಮೊದಲೋದುಗರ ಹೆಸರು ತೆಗೆಯುವ ಅರ್ಜಿಗೆ ಸಹಿ ಹಾಕಿದೆ. ಸಾಕ್ಷಿಯ ಜಾಗದಲ್ಲಿ ದಾನಮ್ಮನೇ ಸಹಿ ಮಾಡಿದಳು. ಆ ಚುಕ್ಕೆ ಈಗ ಎಷ್ಟು ದೊಡ್ಡದಿದೆಯೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ಒಂದು ವಿಷಯದಲ್ಲಿ ಅವಳ ಮಾತನ್ನು ನಂಬುತ್ತೇನೆ.

ಮರುಸ್ಕ್ಯಾನ್ ಮಾರ್ಚ್ ೨ರಂದು ಬೆಳಿಗ್ಗೆ ೮.೪೦ಕ್ಕೆ. ೧೧ ಗಂಟೆಗೆ ಡಾಕ್ಟರ ಭೇಟಿ: ಚುಕ್ಕೆ ಒಂದೇ ಇದ್ದು ಅದು ರೋಗವೆಂದಾದರೆ ಅದಕ್ಕಷ್ಟೇ ಕಿರಣ, ಹೆಚ್ಚಿದ್ದರೆ ಇಡೀ ತಲೆಗೆ. ವರದಿ ೧೦ ಗಂಟೆಗೆ ನನ್ನ ಕೈಗೆ ಬರುತ್ತದೆ.

ವೀರಭದ್ರಪ್ಪ ಹೊಂಬಳ