ನೇರಳೆ ಗುಲಾಬಿಗೆ ಹೊಡೆದ ಮದ್ದು

ಹೂಡಿ
೧೪ ಜೂನ್ ೨೦೧೩, ಶುಕ್ರವಾರ

ನನ್ನ ಲಾವಣ್ಯಳಿಗೆ,

ಸೋಮವಾರದಿಂದ ರಾಣಿಯ ಸ್ಕೂಲ್ ವ್ಯಾನು ನಮ್ಮ ಗೇಟಿನ ಮುಂದೆ ನಿಲ್ಲಲಿ, ನೀನು ಆಫೀಸಿನಿಂದ ಬರುವವರೆಗೆ ಅವಳು ನನ್ನ ಹತ್ತಿರವೇ ಇರಲಿ ಎಂದು ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ನಾನು ಹೂಂ ಅಂದುಬಿಟ್ಟೆ. ಆದರೆ ವ್ಯಾನು ಬರುವ ಮೊದಲು ನಿನಗೊಂದು ವಿಷಯ ಗೊತ್ತಾಗಬೇಕು. ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ಈ ಕಾಗದ ಅಂಟಿಸಿ ನಾಳೆ ನಮ್ಮ ಯಜಮಾನರ ಕೈಲಿ ಕಳಿಸುತ್ತೇನೆ.

ನೀವು ನಮ್ಮ ಮಹಡಿಗೆ ಬಾಡಿಗೆಗೆ ಬಂದ ವರ್ಷವೇ ನೀನು ನರ್ಸರಿಯಿಂದ ಆ ಗಿಡ ತಂದೆ. 'ಫ್ಲೋರಿಬಂಡಾ ಅಂತ ಆಂಟಿ, ಗೊಂಚಲು ಗೊಂಚಲಾಗಿ ಬಿಡತ್ತೆ, ನೇರಳೆ ಬಣ್ಣ' ಅಂದೆ. 'ನೇರಳೆ ಗುಲಾಬಿನಾ? ಯಾರ ಕಿವೀಗೆ ಊವ ಇಡ್ತಿಯಮ್ಮ?' ಅಂತ ನಕ್ಕಿದ್ದೆ. ಆದರೂ ಬೆಳಗಿನ ಬಿಸಿಲು ಬೀಳುವ ಮೂಲೆ ನೋಡಿ, ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟವಳು ನಾನೇ. ಮೊದಲ ಸಲ ಬಿಟ್ಟಾಗ ಒಂದೇ ಕೊಂಬೆಯಲ್ಲಿ ಏಳು ಹೂವು, ಅಬ್ಬಾ! ಬೀದಿಯವರೆಲ್ಲ ಬಂದು ನೋಡಿದರು. ಗಿಡ ನಿನ್ನದಾದರೂ ಜಂಬವೆಲ್ಲ ನಾನೇ ಕೊಚ್ಚಿಕೊಂಡೆ.

ಕಳೆದ ಬೇಸಿಗೆಯಲ್ಲಿ ಅದಕ್ಕೆ ನುಸಿ ಬಿತ್ತು. ಮೊಗ್ಗುಗಳು ಅಂಚು ಕಂದಿ, ಬಿರಿಯದೇ ಉದುರತೊಡಗಿದವು. ನೀನು ಬೇವಿನೆಣ್ಣೆ ಹೊಡೆಯುತ್ತಿದ್ದೆ. 'ಬೇರೆ ಏನೂ ಬೇಡ ಆಂಟಿ, ಮಗು ಓಡಾಡತ್ತೆ' ಅಂತ ಎರಡು ಸಲ ಹೇಳಿದ್ದೆ. ನನಗೆ ಒಳಗೊಳಗೇ ಉರಿ. ಇದೇ ನೆಲದಲ್ಲಿ ಇಪ್ಪತ್ತು ವರ್ಷ ದ್ರಾಕ್ಷಿ ಬೆಳೆದವಳಿಗೆ ಕಂಪ್ಯೂಟರ್ ಹುಡುಗಿ ಪಾಠ ಹೇಳುವುದೇ ಅಂತ. ದ್ರಾಕ್ಷಿ ತೋಟ ಹೋಗಿ ಅಪಾರ್ಟ್‌ಮೆಂಟ್ ಎದ್ದಿದ್ದರೂ ಆಗಿನ ಮದ್ದಿನ ಡಬ್ಬಿ ಮೆಟ್ಟಿಲ ಕೆಳಗೆ ಉಳಿದಿತ್ತು. ಒಂದು ಶನಿವಾರ ಬೆಳಿಗ್ಗೆ, ನೀನು ಸ್ನಾನಕ್ಕೆ ಹೋಗಿದ್ದಾಗ, ಅಳತೆ ಕೂಡ ನೋಡದೆ ಕಲಸಿ ಹೊಡೆದೆ. ಗಿಡ ಚೇತರಿಸಿಕೊಂಡ ಮೇಲೆ ನಿನ್ನ ಬಾಯಿ ಮುಚ್ಚಿಸೋಣ ಅಂತಿದ್ದೆ.

ಗುಲಾಬಿ ಪಕಳೆಯನ್ನು ಸಕ್ಕರೆಯಲ್ಲಿ ಅದ್ದಿ ತಿನ್ನುವುದನ್ನು ರಾಣಿಗೆ ಕಲಿಸಿದವಳು ನಾನು. ನಮ್ಮ ಹಿತ್ತಲಿನ ಪನ್ನೀರು ಗುಲಾಬಿಯದು. ನಾಲ್ಕು ವರ್ಷದ ಮಗುವಿಗೆ ಈ ಗಿಡ ಯಾವುದು ಆ ಗಿಡ ಯಾವುದು? ಅವತ್ತೇ ಮಧ್ಯಾಹ್ನ ಅವಳು ವಾಂತಿ ಮಾಡಿ, ಬಾಯಲ್ಲಿ ನೊರೆ ಬಂದು, ನಾವಿಬ್ಬರೂ ಆಟೋ ಹತ್ತಿದೆವಲ್ಲ, ಅವಳು ನನ್ನ ತೊಡೆಯ ಮೇಲಿದ್ದಳು. ಬಿಗಿಹಿಡಿದಿದ್ದ ಮುಷ್ಟಿ ಬಿಡಿಸಿದೆ. ಒಳಗೆ ನೇರಳೆ ಪಕಳೆ. ನೀನು ಡ್ರೈವರ್‌ಗೆ 'ಬೇಗ ಹೋಗಿ ಅಣ್ಣ' ಅಂತ ಕೂಗುತ್ತಿದ್ದೆ. ನಾನು ಆ ಪಕಳೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿ, 'ಮನೇಲಿ ಕ್ರಿಮಿನಾಶಕ ಏನಾದ್ರೂ ಹೊಡ್ದಿದ್ರಾ?' ಅಂತ ಕೇಳಿದರು. ನೀನು ಅಳುತ್ತಲೇ 'ಇಲ್ಲ ಸಾರ್, ಬೇವಿನೆಣ್ಣೆ ಮಾತ್ರ. ಬೇಕಾದ್ರೆ ಆಂಟೀನ ಕೇಳಿ' ಅಂದೆ. ಅವರು ನನ್ನ ಕಡೆ ತಿರುಗಿದರು. ನೀನು ಹೇಳಿದ್ದೇ ನಿಜ ಅನ್ನುವ ಹಾಗೆ ನಾನು ತಲೆ ಆಡಿಸಿದೆ, ಲಾವಣ್ಯ.

ಗೋಡೆಯ ಗಡಿಯಾರದಲ್ಲಿ ಆಗ ನಾಲ್ಕೂ ಹತ್ತು. ಪೊಲೀಸರು ಬರುತ್ತಾರೆ, ಯಜಮಾನರು ತಲೆ ಎತ್ತಿ ಓಡಾಡುವ ಹಾಗಿಲ್ಲ, ಬಾಡಿಗೆಯವರ ಮಗುವಿಗೆ ವಿಷ ಹಾಕಿದಳು ಅಂತ ಊರೆಲ್ಲ ಆಡಿಕೊಳ್ಳುತ್ತದೆ, ಇದೇ ತಲೆಯಲ್ಲಿ ಸುತ್ತುತ್ತಿತ್ತು. ಮಗು ತಾನಾಗೇ ಸರಿಹೋಗಲಪ್ಪಾ ದೇವರೇ, ನಾನು ಹೇಳದೇನೇ ಸರಿಹೋಗಲಿ ಅಂತ ಬೇಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳ ಕೈಕಾಲು ಅದುರತೊಡಗಿತು. ನರ್ಸು ಓಡಿದಳು. ಆಗ ಕಿರುಚಿದೆ, 'ಮದ್ದು ಒಡ್ದಿವ್ನಿ ಸಾರ್! ದ್ರಾಕ್ಷಿ ಮದ್ದು! ನಾನೇ ಒಡ್ದಿವ್ನಿ!' ನಾಲ್ಕೂ ಇಪ್ಪತ್ತೆರಡಾಗಿತ್ತು. ಸರಿಯಾದ ಇಂಜೆಕ್ಷನ್ ಬಿದ್ದದ್ದು ಅದಾದ ಮೇಲೆಯೇ.

ಮಗು ಉಳಿಯಿತು. ನೀನು ನನ್ನನ್ನು ತಬ್ಬಿಕೊಂಡು, 'ಸದ್ಯ, ನಿಮಗೆ ನೆನಪಾಯ್ತಲ್ಲ ಆಂಟಿ' ಅಂದೆ. ವಯಸ್ಸಾದವರು, ಗಾಬರಿಯಲ್ಲಿ ಮರೆತಿದ್ದರು ಅಂತ ನಿನ್ನ ಗಂಡನಿಗೂ ಹೇಳಿದೆ. ಹೊಸ ಫ್ಲ್ಯಾಟಿಗೆ ಹೋದ ಮೇಲೂ ಹಬ್ಬಕ್ಕೆ ಸೀರೆ ತಂದುಕೊಟ್ಟೆ. ನಾನು ಮರೆತಿರಲಿಲ್ಲ ಕಣಮ್ಮ. ಒಂದು ಗಳಿಗೆಯೂ ಮರೆತಿರಲಿಲ್ಲ. ಹನ್ನೆರಡು ನಿಮಿಷ ನಿನ್ನ ಮಗುವಿಗಿಂತ ನನ್ನ ಮರ್ಯಾದೆ ನನಗೆ ಹೆಚ್ಚಾಗಿತ್ತು.

ಮದ್ದು ಹೊಡೆದದ್ದನ್ನು ನೀನು ಕ್ಷಮಿಸಿದೆ. ಇದು ನಿನಗೆ ಗೊತ್ತಿರಲಿಲ್ಲ. ನಾಳೆ ರಾಣಿ ಬಿದ್ದರೆ, ಅವಳಿಗೆ ಏನಾದರೂ ಆದರೆ, ಹತ್ತಿರ ಇರುವವಳು ಎಂಥವಳು ಅಂತ ತಾಯಿಗೆ ತಿಳಿದಿರಬೇಕು. ಇನ್ನೊಮ್ಮೆ ಹಾಗೆ ಮಾಡಲಾರೆ ಅಂತ ಆಣೆ ಇಡಬಹುದು. ಆದರೆ ಆ ಶನಿವಾರಕ್ಕೆ ಮುಂಚೆ ಯಾರಾದರೂ ಕೇಳಿದ್ದರೂ ನಾನು ಆಣೆ ಇಡುತ್ತಿದ್ದೆ.

ಸೋಮವಾರ ಮೂರು ಗಂಟೆಗೆ ಗೇಟು ತೆಗೆದು ನಿಂತಿರುತ್ತೇನೆ. ವ್ಯಾನು ನಿಲ್ಲದೆ ಮುಂದೆ ಹೋದರೆ ಫೋನು ಮಾಡಿ ಯಾಕೆ ಅಂತ ಕೇಳುವುದಿಲ್ಲ.

ಯಾರ ಮಡಿಲಲ್ಲಿ ಬೆಳೆದರೂ ರಾಣಿ ನೂರು ಕಾಲ ತಣ್ಣಗಿರಲಿ.

ನಿನ್ನ ಮುಂದೆ ತಲೆ ತಗ್ಗಿಸಿ,
ಅಂಜಿನಮ್ಮ