ಹನ್ನೆರಡನೆಯ ಕರಪತ್ರ

ಬಂಡೆನೀರಿನ ಎಣಿಕೆ ೨೧೮ನೆಯ ವರ್ಷ, ಚೆಂಡುಹೂ ತಿಂಗಳ ಹದಿಮೂರನೆಯ ಹಗಲು. ಬಂಡೆ ಕೊರೆದು ನೀರು ಸಿಕ್ಕ ವರ್ಷದಿಂದ ನಾವು ಎಣಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಸುಮಾರು ೨೩೦೦.

ಡಾಕ್ಟರ್ ಪಂಕಜಾಕ್ಷಿ ಅವರಿಗೆ,

ನೀವು ತೀರಿಹೋಗಿ ಇನ್ನೂರಕ್ಕೂ ಹೆಚ್ಚು ವರ್ಷವಾದ ಮೇಲೆ ಹುಟ್ಟಿದವಳು ನಾನು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಓದಿರುವುದು ನಿಮ್ಮ ಹನ್ನೊಂದು ಕರಪತ್ರಗಳನ್ನು ಮಾತ್ರ, ಆದ್ದರಿಂದ ತಪ್ಪಿನಲ್ಲಿ ಅರ್ಧ ನಿಮ್ಮದು. ಹೆಸರು ಪಿನಾಕಿನಿ, ವಯಸ್ಸು ಹತ್ತೊಂಬತ್ತು. ಈ ಕಾಗದವನ್ನು ನಿಮ್ಮ ಕರಪತ್ರಗಳ ಪೆಟ್ಟಿಗೆಯಲ್ಲೇ ಇಡುತ್ತೇನೆ. ಅವು ನನಗೆ ತಲುಪಿದ ದಾರಿಯಲ್ಲೇ ಇದೂ ಹಿಂದಿರುಗಲಿ.

ಬೇರಿಗೆ ಗಂಟು ಕಟ್ಟಿಸುವ ಹುಳುವಿನ ಬಗ್ಗೆ ಬರೆದ ನಿಮ್ಮನ್ನು ಇಲ್ಲಿ ಬೇರಮ್ಮ ಎನ್ನುತ್ತಾರೆ. ‘ಹುಳುವಿಗೆ ಕಾಲಿಲ್ಲ, ನಾವೇ ಅದರ ಕಾಲು’ ಎಂಬ ನಿಮ್ಮ ಸಾಲನ್ನು ಮಕ್ಕಳು ನಡಿಗೆಯ ಜೊತೆಗೇ ಕಲಿಯುತ್ತಾರೆ. ಪ್ರತಿ ಬಯಲಿನ ಬಾಯಲ್ಲೂ ಕಾಲ್ತೊಳೆ ಇದೆ: ಒಂದು ಕಲ್ಲುತೊಟ್ಟಿ, ಪಕ್ಕದಲ್ಲಿ ಕುದಿಯುವ ಹಂಡೆ. ಗುದ್ದಲಿಯನ್ನು ಹಂಡೆಗೆ ಅದ್ದಿ, ಎಮ್ಮೆಯ ಗೊರಸನ್ನು ತಿಕ್ಕಿಯೇ ಒಳಗೆ ಬಿಡುವುದು. ನಮ್ಮಲ್ಲಿ ಅಳಿಯನ ಕಾಲನ್ನು ಅತ್ತೆ ತೊಳೆಯುವುದು ಮರ್ಯಾದೆಗಲ್ಲ, ಅನುಮಾನಕ್ಕೆ. ಎರಡು ಬೆಳೆ ಟೊಮೆಟೊ ಆದರೆ ಮೂರನೆಯದು ಚೆಂಡುಹೂ, ಏಕೆಂದರೆ ಅದರ ಬೇರು ಹುಳುವಿಗೆ ಆಗದು ಎಂದು ಬರೆದವರು ನೀವೇ.

ಇಷ್ಟಾದರೂ ಒಂಬತ್ತು ಬಯಲು ಹೋದವು. ಗಿಡ ಹಳದಿಯಾಗಿ ಕುಗ್ಗುತ್ತದೆ, ನೀರಿದ್ದರೂ ಮಧ್ಯಾಹ್ನ ಬಾಡುತ್ತದೆ, ಕಿತ್ತರೆ ಬೇರಿನ ತುಂಬ ಗಂಟು. ಪ್ರತಿ ಸಲವೂ ಕಾಲು ತೊಳೆಯದವರು ಯಾರೆಂದು ಹುಡುಕಿ ಊರಾಚೆ ಕಳಿಸಿದರು. ಒಂಬತ್ತನೆಯ ಸಲ ಸಿಕ್ಕವನು ನನ್ನಪ್ಪ. ತೀರ್ಪು ಕೊಟ್ಟವಳು ಊರಿನ ಹಿರಿಯಳಾದ ನಂಜಕ್ಕ, ಅವನನ್ನು ಹೆತ್ತವಳು, ನನ್ನಜ್ಜಿ. “ತೊಳ್ದಿದ್ದೆ ಕಣವ್ವಾ,” ಎಂದಷ್ಟೇ ಹೇಳಿ ಅಪ್ಪ ಹೊರಟುಹೋದ.

ಹುಳು ಎಲ್ಲಿಂದ ಬರುತ್ತಿದೆಯೆಂದು ಈಗ ನನಗೆ ಗೊತ್ತು. ಹೊಸ ಬಯಲಿನಲ್ಲಿ ಮೊದಲ ಸಸಿ ನೆಡುವ ಮುನ್ನ ನಾವು ಹಿಡಿಮಣ್ಣು ಹಾಕುತ್ತೇವೆ. ನೀವು ಮೂವತ್ತು ವರ್ಷ ದುಡಿದ ಹೊಲದ ಎರಡನೆಯ ಮಡಿಯಿಂದ ಒಂದು ಕುಡಿಕೆ ಮಣ್ಣು ತಂದು ಎರಚುವ ಪದ್ಧತಿ ಅದು. ಆ ಮಡಿಯಲ್ಲಿ ಗಿಡ ಸದಾ ಕೊರಗುತ್ತದೆ. ಲೋಕದ ಬೇರುರೋಗವನ್ನೆಲ್ಲ ಬೇರಮ್ಮ ಅಲ್ಲಿಗೆ ಎಳೆದುಕೊಂಡಳು ಎನ್ನುತ್ತಾರೆ ಹಿರಿಯರು. ನೀವು ಅಲ್ಲಿ ಟೊಮೆಟೊ ಬಿಟ್ಟು ಬೇರೇನೂ ನೆಡಲಿಲ್ಲವಂತೆ. ಇಷ್ಟು ವರ್ಷ ನಾವೂ ನೆಟ್ಟಿಲ್ಲ. ಚೆಂಡುಹೂವನ್ನು ಆ ಮಡಿಗೆ ತರುವುದೇ ಮೈಲಿಗೆ.

ನಿಮ್ಮ ಏಳನೆಯ ಕರಪತ್ರದಲ್ಲಿ ಹೇಳಿದಂತೆ, ನಾಳೆ ಹತ್ತನೆಯ ಬಯಲಿಗೆ ಎರಚಲೆಂದು ತಂದಿಟ್ಟ ಕುಡಿಕೆಯಿಂದ ಒಂದು ಹಿಡಿ ಕದ್ದು, ತೆಳುಬಟ್ಟೆಯ ಮೇಲೆ ಹರಡಿ, ತಟ್ಟೆಯ ನೀರಿಗೆ ತಾಗುವಂತೆ ಎರಡು ದಿನ ಇಟ್ಟೆ. ನೀರನ್ನು ಮಸೂರದಲ್ಲಿ ನೋಡಿದೆ. ನೂಲಿನ ಚೂರುಗಳಂತೆ ಈಜುತ್ತಿದ್ದವು. ಆ ಕರಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದು ಆಗ ಅರ್ಥವಾಯಿತು: ‘ರೋಗದ ಮಡಿ, ಎರಡನೇದು. ಹುಳು ಕಡಿಮೆಯಾಗಿದೆ, ಮತ್ತೆ ಬಿಡಬೇಕು.’ ಯಾವ ತಳಿ ತಡೆದುಕೊಳ್ಳುತ್ತದೆಂದು ಪರೀಕ್ಷಿಸಲು ನೀವೇ ಸಾಕಿದ ಹುಳು! ನಾವು ಕಾಲು ತೊಳೆದುಕೊಂಡು, ಅದನ್ನು ತಲೆಯ ಮೇಲೆ ಹೊತ್ತು, ಹಾಡುತ್ತ ಒಳಗೆ ಬಂದೆವು.

ಅಜ್ಜಿಗೆ ಹೇಳಿದೆ. ಅವಳು ಮಸೂರವನ್ನು ಮುಟ್ಟಲಿಲ್ಲ.

“ನಾಕಕ್ಷರ ಓದ್ಬಿಟ್ಟೆ ಅಂತ ಬೇರಮ್ಮನ ತಪ್ಪು ಹುಡುಕ್ತೀಯೇನೇ? ಅಚ್ಚಾಗಿದ್ರೆ ಮಾತು. ಪೆನ್ಸಿಲಲ್ಲಿ ನಿಮ್ಮಪ್ಪನೇ ಗೀಚಿರ್ಬೋದು.”

“ಒಂದ್ಸಲ ನೋಡಜ್ಜೀ.”

“ನೋಡುದ್ರೆ ಅವನನ್ನ ಯಾಕೆ ಕಳಿಸ್ದೆ ಅಂತ ನಾನು ಹೇಳ್ಬೇಕಾಯ್ತದೆ. ಹೋಗತ್ಲಾಗೆ.”

ಕುಡಿಕೆಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿದಳು.

ಡಾಕ್ಟರಮ್ಮಾ, ನನಗೆ ನಿಮ್ಮ ಮೇಲೆ ಕೋಪವಿದೆ. ಆ ಮಡಿ ಎಂಥದ್ದೆಂದು ನಿಮ್ಮ ಜೊತೆಗಾರರಿಗೆಲ್ಲ ಗೊತ್ತಿತ್ತು. ಅದಕ್ಕೇ ಯಾರೂ ಬರೆಯಲಿಲ್ಲ. ಹುಳು ಕೊಲ್ಲುವುದನ್ನು ಅಚ್ಚು ಹಾಕಿಸಿದಿರಿ, ಸಾಕಿದ್ದನ್ನು ಹಾಕಿಸಲಿಲ್ಲ. ನಮ್ಮವರು ಅಚ್ಚನ್ನು ಮಾತ್ರ ನಂಬುತ್ತಾರೆ. ಹನ್ನೆರಡನೆಯ ಕರಪತ್ರ ಬರೆಯಿರಿ. ‘ಎರಡನೆಯ ಮಡಿಯ ಮಣ್ಣು ಮುಟ್ಟಬೇಡಿ, ಅದರಲ್ಲಿ ಹುಳು ಇದೆ, ಬಿಟ್ಟವಳು ನಾನೇ.’ ಇಷ್ಟೇ ಸಾಕು. ದಪ್ಪ ಅಕ್ಷರದಲ್ಲಿರಲಿ.

ನಾಳೆ ಸೂರ್ಯ ಬಂಡೆಯ ಮೇಲಕ್ಕೆ ಬರುವಾಗ ಅಜ್ಜಿ ಕುಡಿಕೆ ಹೊತ್ತು ಹತ್ತನೆಯ ಬಯಲಿಗೆ ಬರುತ್ತಾಳೆ. ಕೆಡದ ಮಣ್ಣು ನಮಗೆ ಉಳಿದಿರುವುದು ಅದೊಂದೇ. ಅದಕ್ಕೆ ಮುಂಚೆ ನಾನು ಪೆಟ್ಟಿಗೆ ತೆಗೆದು ಕರಪತ್ರಗಳನ್ನು ಎಣಿಸುತ್ತೇನೆ. ಹನ್ನೆರಡಿದ್ದರೆ ಊರೆಲ್ಲ ಕೇಳುವಂತೆ ಓದುತ್ತೇನೆ. ಹನ್ನೊಂದೇ ಇದ್ದರೆ ಕಾಲ್ತೊಳೆಯ ಬಳಿ ನಿಂತಿದ್ದು, ಅಜ್ಜಿಯ ತಲೆಯ ಮೇಲಿನ ಕುಡಿಕೆಯನ್ನು ಕುದಿಯುವ ಹಂಡೆಗೆ ಕೆಡವುತ್ತೇನೆ. ಆಮೇಲೆ ಅಪ್ಪ ಹೋದ ದಾರಿಯಲ್ಲೇ ನನ್ನನ್ನೂ ಕಳಿಸುತ್ತಾರೆ.

ಕಾಲು ತೊಳೆದೇ ಹೋಗುತ್ತೇನೆ.

ಪಿನಾಕಿನಿ