ಹನ್ನೆರಡನೇ ತಾರೀಕಿನ ಮೊಟ್ಟೆ

ಫೆಬ್ರವರಿ ೫, ಬೆಳಗ್ಗೆ ೫-೫೦

ಕೆಟ್ಟ ಕನಸು. ನಾನು ಕೆಲಸ ಮಾಡುವ ಲಾಡ್ಜಿನ ಮೇಲಿನ ಮಹಡಿ. ಉದ್ದಕ್ಕೂ ರೂಮುಗಳು, ಎಲ್ಲಕ್ಕೂ ಬೀಗ. ಯಾವುದೋ ಒಂದರ ಒಳಗೆ ನಮ್ಮ ಹುಂಜ ಕೂಗುತ್ತಿದೆ. ನನ್ನ ಕೈಯಲ್ಲಿ ಇಡೀ ಗೊಂಚಲು ಕೀ. ಒಂದೂ ಹೊಂದುತ್ತಿಲ್ಲ. ಕೊನೆಗೆ ಒಂದು ಬಾಗಿಲು ತೆರೆದರೆ ಒಳಗೆ ಬರೀ ಮಡಚಿಟ್ಟ ಬೆಡ್‌ಶೀಟು... ಕೂಗು ಪಕ್ಕದ ರೂಮಿಗೆ ಹೋಗಿತ್ತು.

ಬೆವರಿ ಎದ್ದೆ. ಹೊರಗೆ ಹೋಗಿ ಕೋಳಿ ಮುಚ್ಚುವ ಮಂಕರಿ ಎತ್ತಿ ನೋಡಿದೆ. ಎರಡು ಹ್ಯಾಟೆ ಕೋಳಿಗಳೂ ಇವೆ. ಅವನಿಲ್ಲ. ಇರುವುದಿಲ್ಲ ಅಂತ ಗೊತ್ತು, ಮೊನ್ನೆ ಸಂಜೆ ಮಣ್ಣು ಮಾಡಿದ್ದು ನಾನೇ. ಆದರೂ ನೋಡಿದೆ.

ಆರೂವರೆ ಬಸ್ಸು. ಬೆಳಗೊಳಕ್ಕೆ ಇವತ್ತು ಯಾತ್ರೆಯವರು ಬರುತ್ತಾರಂತೆ, ಹದಿನಾಲ್ಕು ರೂಮು ಗುಡಿಸಬೇಕು. ಒಲೆ ಆರಿಸಿದೆನಾ? ಆರಿಸಿದೆ. ಇನ್ನೊಮ್ಮೆ ನೋಡಿ ಹೊರಡುತ್ತೇನೆ.

ಫೆಬ್ರವರಿ ೬, ಸಂಜೆ

ಬರೆದರೆ ಎದೆ ಹಗುರಾಗುತ್ತದೆ ಅಂತ ಬರೆಯುತ್ತಿದ್ದೇನೆ. ಲಾಡ್ಜಿನ ಮ್ಯಾನೇಜರ್ ಕೊಟ್ಟ ಹೋದ ವರ್ಷದ ಡೈರಿ ಇದು. ವಾರ ಹೊಂದುವುದಿಲ್ಲ, ತಾರೀಕು ಮಾತ್ರ ಸರಿ.

ಹುಂಜಕ್ಕೆ ದಫೇದಾರ ಅಂತ ಹೆಸರಿಟ್ಟಿದ್ದೆ. ಕೆಂಪು ಮೈ, ಕಪ್ಪು ಬಾಲ, ನಡೆದರೆ ಡ್ಯೂಟಿ ಮೇಲಿರುವ ಹಾಗೆ. ಮೂರು ವರ್ಷ ಇದ್ದ. ಪ್ರತಿ ಸಲ ಯುಗಾದಿ ಮಾರನೇ ದಿನ ಹೊಸತೊಡಕಿನ ಬಾಡೂಟಕ್ಕೆ ನಮ್ಮ ಮನೆಯವರು ಅವನ ಮೇಲೆ ಕಣ್ಣು ಹಾಕುವುದು, ನಾನು ಸಂತೆಯಿಂದ ಬೇರೆ ಕೋಳಿ ತಂದು ಅವನನ್ನು ಉಳಿಸುವುದು — ಮೂರು ವರ್ಷವೂ ಹೀಗೇ ಆಯಿತು.

ಮೂರನೇ ತಾರೀಕು ಸಂಜೆ ಎರಡು ನಾಯಿ ನುಗ್ಗಿದವು. ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಕರಿ ಹ್ಯಾಟೆ ಬೇಲಿ ಮೂಲೆಗೆ ಸಿಕ್ಕಿಕೊಂಡಿತ್ತು. ದಫೇದಾರ ಗೋಡೆ ಮೇಲಿದ್ದ. ಅಲ್ಲೇ ಇದ್ದಿದ್ದರೆ ಇವತ್ತೂ ಇರುತ್ತಿದ್ದ. ಹಾರಿ ಬಂದು ನಾಯಿಯ ಮುಖದ ಮೇಲೇ ಇಳಿದ. ಮೂರು ಕೆಜಿ ತೂಗದ ಪ್ರಾಣಿ... ನಾಯಿ ಹಿಂದಕ್ಕೆ ಸರಿಯಿತು. ಕಣ್ಣಾರೆ ನೋಡಿದೆ. ಅಷ್ಟರಲ್ಲಿ ಹ್ಯಾಟೆ ನುಗ್ಗೆಮರಕ್ಕೆ ಹಾರಿಕೊಂಡಿತು. ನಾನು ಪೊರಕೆ ಹಿಡಿದು ಓಡುವ ಹೊತ್ತಿಗೆ ಎರಡನೇ ನಾಯಿ —

ಬೇಡ.

"ಅಷ್ಟು ಬಾಡ ಮಣ್ಣಿಗಾಕ್ಬುಟ್ಯಲ್ಲೇ! ನನ್ನೊಂದ್ ಮಾತ್ ಕೇಳ್ಬಾರ್ದಾ?" ಅಂದರು ಇವರು. ಗುಂಡಿ ತೋಡಿಕೊಟ್ಟವರೂ ಇವರೇ. ದಿನವಿಡೀ ತೆಂಗಿನಕಾಯಿ ಸುಲಿಯುವ ಕೈ. ನಾಲ್ಕೇ ಏಟಿಗೆ ಗುಂಡಿ ಆಯಿತು. ಆಮೇಲೆ ನಾಯಿ ಕೆದಕದ ಹಾಗೆ ಮೇಲೊಂದು ಕಲ್ಲು ಎಳೆದಿಟ್ಟರು.

ಹಿಂದಿನ ಮೊಟ್ಟೆಗಳನ್ನೆಲ್ಲ ತಿಂದಾಗಿದೆ. ನಾಲ್ಕನೇ ತಾರೀಕು ಬೆಳಗ್ಗೆ ಕರಿ ಹ್ಯಾಟೆ ಒಂದು ಇಟ್ಟಿತು. ಅದರ ಮೇಲೆ ತಾರೀಕು ಬರೆದು ರಾಗಿ ಡಬ್ಬದಲ್ಲಿ ಹುದುಗಿಸಿದ್ದೇನೆ. ಅವನದು ಅಂತ ಉಳಿದಿರುವುದು ಅದೊಂದೇ. ಒಳಗೆ ಏನಾದರೂ ಇದೆಯೋ ಇಲ್ಲವೋ. ಡಬ್ಬದ ಮುಚ್ಚಳ ಬಿಗಿಯಾಯಿತಾ? ಮೊಟ್ಟೆಗೆ ಗಾಳಿ ಬೇಕಾಗುತ್ತದಾ? ಯಾರನ್ನು ಕೇಳುವುದು.

ಫೆಬ್ರವರಿ ೮

ಎದುರು ಮನೆಯ ಪದ್ಮಾವತಮ್ಮ ಬೀದಿಯಲ್ಲೇ ನಿಂತು ಕೇಳಿದರು. ಜೈನರ ಮನೆ ಅವರದು. ಬಾಡು ಬೇಯುವ ಮನೆಯೆಂದು ನಮ್ಮ ಹೊಸಿಲು ದಾಟುವುದಿಲ್ಲ, ಮಾತಿಗೆ ಮಾತ್ರ ಕಡಿಮೆ ಇಲ್ಲ.

"ಏನಮ್ಮ ಸುವರ್ಣ, ನಿಮ್ಮ ಹುಂಜಕ್ಕೆ ಗಂಟಲು ಕಟ್ಟಿದೆಯಾ? ಐದು ದಿನದಿಂದ ನಾನು ಬಸದಿಗೆ ಹೋಗೋದು ಲೇಟು."

ಹೇಳಿದೆ. ಕೈಯಲ್ಲಿದ್ದ ಹೂವಿನ ಬುಟ್ಟಿ ಜಗುಲಿ ಮೇಲಿಟ್ಟುಬಿಟ್ಟರು. ಆಮೇಲೆ "ಮಗ ಫೋನಲ್ಲಿ ಅಲಾರಂ ಇಟ್ಟುಕೊಟ್ಟಿದಾನೆ. ಅದು ನಮ್ಮ ಮನೇಲಿ ಮಾತ್ರ ಕೂಗುತ್ತೆ ಕಣಮ್ಮ. ಇಡೀ ಬೀದಿ ಎದ್ದಿದೆ ಅನ್ನಿಸೋದಿಲ್ಲ" ಅಂದರು.

ಅತ್ತಿದ್ದು ಅವರೆದುರಿಗೇ. ಈಗ ನಾಚಿಕೆ ಆಗುತ್ತಿದೆ. ಏನಂದುಕೊಂಡರೋ.

ಫೆಬ್ರವರಿ ೧೨

ನಾಯಿ ಬಂದ ದಿನದಿಂದ ಕರಿ ಹ್ಯಾಟೆಯನ್ನು ಮಂಕರಿ ಬಿಟ್ಟು ಹೊರಗೆ ಬಿಟ್ಟಿಲ್ಲ. ಹೆದರಿಕೆಗೋ ಏನೋ ಮೊಟ್ಟೆಯೂ ನಿಂತುಹೋಗಿತ್ತು. ಇವತ್ತು ಮತ್ತೆ ಇಟ್ಟಿದೆ. ಅವನು ಹೋಗಿ ಒಂಬತ್ತು ದಿನ. ಇದು ಗೊಡ್ಡು ಮೊಟ್ಟೆ, ಇನ್ನೇನಾಗಿರಲು ಸಾಧ್ಯ. ಆದರೂ ಅಭ್ಯಾಸಬಲ, ತಾರೀಕು ಬರೆದು ಇಟ್ಟೆ.

ಇನ್ನೊಂದು ಮುದಿ ಹ್ಯಾಟೆ, ಅದಕ್ಕೆ ಕಾವು ಹತ್ತಿದೆ. ಖಾಲಿ ಹುಲ್ಲಿನ ಮೇಲೆ ಗರಿ ಕೆದರಿ ಕೂತಿದೆ. ನಾಳೆ ನಾಲ್ಕನೇ ತಾರೀಕಿನದನ್ನು ಅದರ ಕೆಳಗಿಡಬೇಕು. ಒಂದೇ. ಗೊಡ್ಡನ್ನೂ ಜೊತೆಗಿಟ್ಟರೆ ಅದು ಕೊಳೆತು ಒಡೆದು ಇದನ್ನೂ ಕೆಡಿಸಿಬಿಟ್ಟರೆ?

ಫೆಬ್ರವರಿ ೧೩, ಬೆಳಗ್ಗೆ ೬

ಬೇಗ ಬಾ ಅಂತ ಲಾಡ್ಜಿನಿಂದ ಫೋನು. ಮೊಟ್ಟೆ ಇಡುವ ಕೆಲಸ ಇವರಿಗೆ ಹೇಳಿದ್ದೇನೆ. "ಡಬ್ಬದಲ್ಲಿ ಎರಡವೆ. ಹಳೇ ತಾರೀಕಿಂದು ಕಾವಿಗಿಡಿ. ಹೊಸಾದ್ದು ಬೇಕಾದ್ರೆ ಬೇಯಿಸ್ಕಳಿ."

"ಅಷ್ಟ್ ಗೊತ್ತಾಗಲ್ವಾ ನಂಗೆ? ಓಗು, ಬಸ್ ಓಗ್ತದೆ."

ಎರಡು ಸಲ ಹೇಳಿದೆ. ಮೂರನೇ ಸಲ ಹೇಳಿದರೆ ರೇಗುತ್ತಾರೆ.

ಫೆಬ್ರವರಿ ೧೩, ಸಂಜೆ ೬

ತಿಪ್ಪೆಗೆ ಕಸ ಹಾಕಲು ಹೋದೆ. ಅಲ್ಲಿ ಮೊಟ್ಟೆ ಸಿಪ್ಪೆ. ಸಿಪ್ಪೆ ಮೇಲೆ ನನ್ನದೇ ಅಕ್ಷರ — ೪.

ಸಿಪ್ಪೆ ಎತ್ತಿಕೊಂಡು ಹೋಗಿ ಇವರ ಮುಂದೆ ಹಿಡಿದೆ.

"ಇದನ್ಯಾಕೆ ಒಡೆದ್ರಿ?"

"ನೀನೇ ಯೋಳ್ದಲ್ಲ, ಹೊಸಾದ್ದು ಬೇಯಿಸ್ಕ ಅಂತ. ಎಂಟನೇ ತಾರೀಕಿಂದು ಆಮ್ಲೆಟ್ ಆಕ್ಕಂಡೆ. ಎರಡನೇ ತಾರೀಕಿಂದು ಕಾವಿಗಿಟ್ಟೆ."

"ಎಂಟು ಎಲ್ಲಿತ್ತು?"

"ಇದ್ಯಾಕೆ, ಎಂಟಲ್ವಾ ಇದು? ಮೊಬೈಲ್ನಾಗೆ ಇಂಗೇ ಐತೆ. ಮ್ಯಾಲ್ಗಡೆ ಒಸಿ ಕೂಡಿಲ್ಲ, ಪೆನ್ನು ಜಾರೈತೆ ಅನ್ಕಂಡೆ. ಇನ್ನೊಂದ್ರ ಮ್ಯಾಲೆ ಸೊನ್ನೆ, ಎರಡು. ಎರಡನೇ ತಾರೀಕು. ಎರಡು ಹಳೇದು, ಎಂಟು ಹೊಸಾದ್ದು. ಏನ್ ತಪ್ಪು?"

ಸೊನ್ನೆ ಎರಡಲ್ಲ ಅದು. ಹನ್ನೆರಡು. ೧೨.

"ಕನ್ನಡದ ಅಂಕಿ ಕಣ್ರೀ! ಅದು ನಾಲ್ಕು!"

"ಕನ್ನಡದ್ದು ಬ್ಯಾರೆ, ಇಂಗ್ಲಿಷಿಂದು ಬ್ಯಾರೇನಾ? ಒಂದ್ ಕೋಳಿ ಮೊಟ್ಟೆಗೆ ಇಷ್ಟೊಂದ್ ಓದ್ಬೇಕಾ?"

ಇವರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅಂಕಿ ಕಲಿತದ್ದು ಬಸ್ಸಿನ ನಂಬರಿನಲ್ಲಿ, ಮೊಬೈಲಿನಲ್ಲಿ. ನಾನು ಐದನೇ ಕ್ಲಾಸಿಗೆ ಬಿಟ್ಟು, ಮತ್ತೆ ಸೇರಿ, ಏಳಕ್ಕೆ ಮತ್ತೆ ಬಿಟ್ಟವಳು. ಕಲಿತಿದ್ದು ಕನ್ನಡದ ಅಂಕಿ. ಕಲಿತದ್ದನ್ನೇ ಬರೆದೆ. ಯಾರದು ತಪ್ಪು? ನನ್ನದೇ. ನಾಲ್ಕು ಅಂತ ಬಾಯಲ್ಲಿ ಹೇಳಬಹುದಿತ್ತಲ್ಲ.

ದಫೇದಾರನದು ಇನ್ನೇನೂ ಉಳಿಯಲಿಲ್ಲ.

ಫೆಬ್ರವರಿ ೧೭

ಮಾತಿಲ್ಲ. ಸಾರು ಬಡಿಸುತ್ತೇನೆ, ಇವರು ತಿನ್ನುತ್ತಾರೆ. ಇವತ್ತು ಸಂತೆಯಿಂದ ಒಂದು ಪೆನ್ಸಿಲ್ ತಂದು ಡೈರಿ ಮೇಲಿಟ್ಟು ಹೋಗಿದ್ದಾರೆ. ಏನು ಅರ್ಥವೋ.

ಫೆಬ್ರವರಿ ೨೦, ಮಧ್ಯಾಹ್ನ ೩

ಸರಿಯಾಗಿ ಬರೆಯಬೇಕು. ಮರೆಯಬಾರದು.

ಇವತ್ತು ರಜ. ಕಾವಿಗೆ ಕೂರಿಸಿ ಏಳು ದಿನ. ಮುದಿ ಹ್ಯಾಟೆ ಕಾಳು ನೀರು ಬಿಟ್ಟು ಗೊಡ್ಡು ಮೊಟ್ಟೆ ಮೇಲೆ ಒಣಗುತ್ತಿದೆ, ಪಾಪ, ತೆಗೆದು ಬಿಸಾಡೋಣ ಅಂದುಕೊಂಡೆ. ಬಿಸಾಡುವ ಮುಂಚೆ ಖಾತ್ರಿಯಾಗಲಿ ಅಂತ ರಾಗಿ ಮೂಟೆ ಇಡುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಮೊಬೈಲ್ ಟಾರ್ಚ್ ಹಾಕಿ ಅದರ ಮೇಲೆ ಮೊಟ್ಟೆ ಹಿಡಿದೆ. ನಮ್ಮವ್ವ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

ಬರೀ ಹಳದಿ ಬೆಳಕು ಇರುತ್ತದೆ ಅಂದುಕೊಂಡಿದ್ದೆ.

ಕೆಂಪು ನರಗಳು. ಕೂದಲಿಗಿಂತ ಸಣ್ಣವು. ಜೇಡ ಬಲೆ ನೇಯಲು ಶುರು ಮಾಡಿದ ಹಾಗೆ, ಎಲ್ಲ ಕಡೆಗೂ. ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಅಲುಗಿತು. ನನ್ನ ಕೈಯೇ ನಡುಗಿತೇನೋ ಅಂತ ಮೊಣಕೈಯನ್ನು ಗೋಡೆಗೆ ಒತ್ತಿ ಹಿಡಿದೆ. ಕೈ ನಿಂತಿತು. ಚುಕ್ಕೆ ನಿಲ್ಲಲಿಲ್ಲ.

ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಹೊರಗಿನಿಂದ "ಸುವರ್ಣಾ, ನುಗ್ಗೆಸೊಪ್ಪು ಕಿತ್ಕೊಳ್ಳಲಾ?" ಅಂತ ಪದ್ಮಾವತಮ್ಮನ ದನಿ. ಬಾಯಿಗೆ ಬೇರೆ ಮಾತೇ ಬರಲಿಲ್ಲ. "ಅಮ್ಮಾವ್ರೆ ಬನ್ನಿ, ಬನ್ನಿ" ಅಂತ ಕೂಗಿದೆ. ನನಗೆ ಏನೋ ಆಯಿತು ಅಂದುಕೊಂಡರೇನೋ. ಓಡಿ ಬಂದರು. ಹೊಸಿಲು ದಾಟಿದರು. ಅಡುಗೆಮನೆ ದಾಟಿ ಕತ್ತಲ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಏನಮ್ಮ ಇದು ಕತ್ತಲಲ್ಲಿ..."

ತೋರಿಸಿದೆ. ಮೊಟ್ಟೆ ಅಂತ ಗೊತ್ತಾದ ಕೂಡಲೇ ಮುಖ ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಬಂತು.

"ಆಡ್ತಾ ಇದೆಯಲ್ಲಮ್ಮ!"

"ಊಂ ಅಮ್ಮಾವ್ರೆ."

"ಯಾರದು?"

"ದಫೇದಾರಂದು. ಬ್ಯಾರೆ ಹುಂಜದ ಮಕ ನೋಡಿಲ್ಲ ಕರಿ ಹ್ಯಾಟೆ, ಮಂಕ್ರಿಯೊಳಗೇ ಅವ್ಳೆ."

"ಅವನು ಹೋಗಿ..." ಬೆರಳು ಮಡಚುತ್ತಾ ಲೆಕ್ಕ ಹಾಕಿದರು.

"ಮೂರಕ್ಕೆ ಹೋದ. ಇದು ಹನ್ನೆರಡರದು."

ಇಬ್ಬರೂ ಉಸಿರು ಹಿಡಿದು ನೋಡಿದೆವು. ಮೊಟ್ಟೆ ಅಂದರೆ ಅಂಗಡಿ ಬದಲಾಯಿಸುವ ಹೆಂಗಸು, ಮೂಗಿನ ಹತ್ತಿರಕ್ಕೇ ಬಂದುಬಿಟ್ಟಿದ್ದರು.

"ಮುಟ್ಟಿ ನೋಡಿ, ಬೆಚ್ಚಗದೆ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಬೇಡ ಕಣಮ್ಮ," ಅಂದರು. "ಈಗ ತಾನೇ ನೀರಲ್ಲಿ ಕೈಯಾಡಿಸಿ ಬಂದೆ. ನನ್ನ ಕೈ ತಣ್ಣಗಿದೆ. ಅದಕ್ಕೆ ಚಳಿಯಾಗುತ್ತೆ."

ಆಮೇಲೆ ನನಗೇ ಗದರಿದರು — "ಸಾಕು ಬೆಳಕು ಬಿಟ್ಟಿದ್ದು. ಹೋಗು, ಅದರಮ್ಮನ ಹತ್ರ ಇಡು."

ಸೊಪ್ಪು ಕೀಳುವುದನ್ನು ಮರೆತು ಹೋದರು.

ಫೆಬ್ರವರಿ ೨೧

ಪಶು ಆಸ್ಪತ್ರೆಗೆ ಹೋಗಿ ಕೇಳಿದೆ. ಆಕಳಿಸುತ್ತಾ ಕಾಂಪೌಂಡರ್ ಅಂದರು, "ಹುಂಜ ಹೋದ್ರೂ ಹ್ಯಾಟೆ ಹೊಟ್ಟೇಲಿ ಹತ್ತು ಹದಿನೈದು ದಿನ ಬೀಜ ಇರುತ್ತೆ ಕಣಮ್ಮ, ಇದೇನು ದೊಡ್ಡ ವಿಷಯ." ಅವರಿಗೆ ದಿನಾ ನೋಡುವುದು. ನನಗೆ ಬಸ್ಸಿನಲ್ಲಿ ಕೂತು ಬರುವಾಗಲೂ ಮೈ ಜುಮ್ಮೆನ್ನುತ್ತಿತ್ತು. ನಾನು ಮಣ್ಣು ಮುಚ್ಚಿದ ಹೊತ್ತಿಗೂ ಅವನು ಪೂರ್ತಿ ಹೋಗಿರಲಿಲ್ಲ. ಮಂಕರಿಯೊಳಗೆ ಕಾಳು ಕೆದಕುತ್ತಿತ್ತಲ್ಲ ಕರಿ ಹ್ಯಾಟೆ, ಅದರ ಹೊಟ್ಟೆಯಲ್ಲಿದ್ದ. ನಾನೋ ಪ್ರತಿ ಬೆಳಗ್ಗೆ ಅದಕ್ಕೆ ಕಾಳು ಹಾಕುವಾಗ ಬೈಯುತ್ತಿದ್ದೆ, ನಿನ್ನಿಂದಲೇ ಹೋದ ಅಂತ. ಅದು ಸುಮ್ಮನೆ ಬೈಸಿಕೊಳ್ಳುತ್ತಿತ್ತು.

ಸಂಜೆ ಇವರಿಗೆ ಹೇಳಿದೆ. ಎಂಟು ದಿನದ ಮೇಲೆ ಮೊದಲ ಮಾತು. ಇವರು ಎದೆ ಉಬ್ಬಿಸಿ, "ನೋಡ್ದಾ! ನಾನೇನಾರ ಓದ್ದೋನಾಗಿದ್ರೆ ಇದು ಬಾಣ್ಲಿಗೆ ಓಗ್ತಿತ್ತು ಕಣೇ!"

ನಗು ಬಂತು. ತಡೆಯಲಾಗಲಿಲ್ಲ. ಆದರೆ ನಾಲ್ಕನೇ ತಾರೀಕಿನದು? ಅದರಲ್ಲೂ ಇದ್ದಿರಬಹುದಲ್ಲ. ಅದನ್ನು ಯೋಚಿಸಬಾರದು.

ಫೆಬ್ರವರಿ ೨೮

ಟಾರ್ಚ್ ಹಿಡಿದರೆ ಈಗ ನರ ಕಾಣುವುದಿಲ್ಲ. ಒಳಗೆಲ್ಲ ಕಪ್ಪು, ದಪ್ಪ ಬುಡದ ಕಡೆ ಮಾತ್ರ ಬೆಳಕಿನ ಟೋಪಿ. ಸತ್ತಿತು ಅಂತ ಓಡಿದೆ ಆಸ್ಪತ್ರೆಗೆ. ಕಾಂಪೌಂಡರ್ ನಕ್ಕರು. ಮರಿ ತುಂಬಿಕೊಂಡಿದೆಯಂತೆ. ಬುಡದಲ್ಲಿರುವುದು ಗಾಳಿಯಂತೆ. ಅಲ್ಲಿಗೇ ಕೊಕ್ಕು ಹಾಕಿ ಮೊದಲ ಉಸಿರು ಎಳೆಯುತ್ತದಂತೆ. "ಮೊನೆ ಕಡೆ ಒಡೆದ್ರೆ ಕಷ್ಟ, ಉಸಿರು ಸಿಕ್ಕಲ್ಲ" ಅಂದರು.

ಅದೊಂದು ಮಾತು ಯಾಕೆ ಹೇಳಿದರೋ.

ಮಾರ್ಚ್ ೫, ಬೆಳಗ್ಗೆ ೬

ಮೊಟ್ಟೆಯನ್ನು ಕಿವಿಗೆ ಹಿಡಿದೆ. ಕುಟ್ಟುವ ಸದ್ದು. ಆಮೇಲೆ — ಒಳಗಿನಿಂದ ದನಿ! ಸಿಪ್ಪೆ ಇನ್ನೂ ಬಿರಿದೇ ಇಲ್ಲ. ಮುಚ್ಚಿದ ಮೊಟ್ಟೆಯೊಳಗಿನಿಂದ ಕರೆಯುತ್ತಿದೆ. ಮುದಿ ಹ್ಯಾಟೆ ಕೊರ್ ಕೊರ್ ಅಂತ ಉತ್ತರ ಕೊಡುತ್ತಿದೆ. ನಾನು ಇಬ್ಬರ ಮಧ್ಯೆ ಬಂದ ಹಾಗಾಯಿತು. ಮೆಲ್ಲಗೆ ಇಟ್ಟು ಹೊರಗೆ ಬಂದೆ.

ಮಾರ್ಚ್ ೬, ಮಧ್ಯಾಹ್ನ ೧೨-೧೦

ಲಾಡ್ಜಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ರಜ ಕೊಡಲಿಲ್ಲ. ಇವರು ತೆಂಗಿನಕಾಯಿ ಮಂಡಿ ಕೆಲಸ ಬಿಟ್ಟು ಬೆಳಗ್ಗೆಯಿಂದ ಮಂಕರಿ ಪಕ್ಕ. ಎದುರು ಮನೆಯವರು ಎರಡು ಸಲ ಬಂದು ಹೋದರಂತೆ. ಈಗ ಫೋನು. ಮಡಿಲಲ್ಲಿ ಸ್ಪೀಕರ್ ಹಾಕಿಟ್ಟಿದ್ದೇನೆ. ಕೈ ಸುಮ್ಮನಿರುವುದಿಲ್ಲ, ಬರೆಯುತ್ತಿದ್ದೇನೆ.

"ಲೇ, ತೂತು ಬಿದ್ದೈತೆ ಕಣೇ! ಸಾಸ್ವೆ ಕಾಳಷ್ಟು!"

"ಎಲ್ಲಿ?"

"ಮೊಟ್ಟೆ ಮ್ಯಾಲೆ."

"ಮೊಟ್ಟೆ ಮ್ಯಾಲೆ ಎಲ್ಲಿ ಅಂದ್ರೆ!"

"ಮೊನೆ ಕಡೀಕೆ ಅನ್ಸುತ್ತೆ... ಹ್ಯಾಟೆ ಮುಟ್ಟಾಕೆ ಬಿಡ್ತಿಲ್ಲ, ಕುಕ್ತದೆ."

ಕಾಂಪೌಂಡರ್ ಅಂದದ್ದು ನೆನಪಾಯಿತು. ಫೋನು ಮಂಕರಿ ಒಳಗೆ ಹಿಡಿಯಿರಿ ಅಂದೆ. ಹಿಡಿದರು. ಕೊರ್ ಕೊರ್. ಹುಲ್ಲು ಸರಿದ ಸದ್ದು. ಆಮೇಲೆ ಆ ದನಿ, ನಿನ್ನೆಯದಕ್ಕಿಂತ ಗಟ್ಟಿ, ಲಾಡ್ಜಿನ ಮೆಟ್ಟಿಲು ತುಂಬಾ... ಕೆಳಗೆ ಹೋಗುತ್ತಿದ್ದ ಯಾತ್ರೆಯವರೊಬ್ಬರು ನಿಂತು ಕತ್ತೆತ್ತಿ ನೋಡಿದರು.

"ಕೇಳುಸ್ತಾ?" ಅಂತಾರೆ ಇವರು.

ಕೇಳಿಸಿತು. ಕೇಳಿಸಿತು, ಆದರೂ — "ಅವಸರ ಮಾಡ್ಬೇಡಿ. ಅನ್ಸುತ್ತೆ ಅನ್ಬೇಡಿ. ಹ್ಯಾಟೆ ಕುಕ್ಕಿದ್ರೆ ಕುಕ್ಕಲಿ. ತೂತು ಮೊನೆ ಕಡೀಕಾ, ಬುಡದ ಕಡೀಕಾ, ಬೆರಳಿಟ್ಟು ಇನ್ನೊಂದ್ ಕಿತ ನೋಡಿ."